ಬೋರ್‌ವೆಲ್ ನೀರಿಗೆ ರಿಪೋರ್ಟ್ ಇದೆ, ಆ ನೀರು ಕುಡಿದ ಮಗುವಿನ ರಿಪೋರ್ಟ್ ಎಲ್ಲಿ?

ರಾಯಚೂರು: 2022ರ ಮೇ ಕೊನೆಯಲ್ಲಿ ರಾಯಚೂರು ನಗರದ ನಲ್ಲಿಗಳಲ್ಲಿ ಕಲುಷಿತ ನೀರು ಬಂತು. ವಾಂತಿ-ಭೇದಿಯಿಂದ ಹಲವರು ಜೀವ ಕಳೆದುಕೊಂಡರು, ಆಸ್ಪತ್ರೆಗಳು ತುಂಬಿ ಹೋದವು. ರಾಂಪುರ ನೀರು ಶುದ್ಧೀಕರಣ ಘಟಕದ ನಿರ್ವಹಣೆ ಬಗ್ಗೆ ಇಡೀ ರಾಜ್ಯ ಮಾತಾಡಿತು. ಸರಿಯಾಗಿ ಒಂದು ವರ್ಷಕ್ಕೆ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಅದೇ ಕಥೆ. ಅಲ್ಲಿ ಒಂದು ಮಗು ಸತ್ತಿತು.

ಇಂಥ ಘಟನೆ ಆದಾಗ ಏನಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಅಧಿಕಾರಿಗಳು ಬರ್ತಾರೆ, ನೀರಿನ ಸ್ಯಾಂಪಲ್ ಲ್ಯಾಬ್‌ಗೆ ಹೋಗುತ್ತೆ, ಪರಿಹಾರ ಘೋಷಣೆ ಆಗುತ್ತೆ, ಕೆಲವರು ಸಸ್ಪೆಂಡ್ ಆಗ್ತಾರೆ. ಕಾರಣ ಇಷ್ಟೇ: ರೋಗಾಣು ಇರುವ ನೀರು ಒಂದೆರಡು ದಿನದಲ್ಲೇ ತನ್ನ ಗುಣ ತೋರಿಸಿಬಿಡುತ್ತೆ. ಸತ್ತವರ ಲೆಕ್ಕ, ಅಡ್ಮಿಟ್ ಆದವರ ಲೆಕ್ಕ ಸಿಗುತ್ತೆ.

ಆದರೆ ಫ್ಲೋರೈಡ್ ಮತ್ತು ಆರ್ಸೆನಿಕ್ ಹಂಗಲ್ಲ. ಇವಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೊಡದಲ್ಲಿ ನೋಡಿದರೆ ನೀರು ತಿಳಿಯಾಗೇ ಇರುತ್ತೆ. ಇವತ್ತು ಕುಡಿದ ಮಗುವಿಗೆ ನಾಳೆ ಏನೂ ಆಗಲ್ಲ. ಐದು, ಹತ್ತು, ಇಪ್ಪತ್ತು ವರ್ಷ ಬಿಟ್ಟು ಹಲ್ಲು, ಮೂಳೆ, ಚರ್ಮ, ಕಲಿಯೋ ಶಕ್ತಿ ಮೇಲೆ ಪರಿಣಾಮ ಕಾಣಿಸುತ್ತೆ. ಅಷ್ಟೊತ್ತಿಗೆ ಆ ಮಗು ಯಾವ ಬೋರಿನ ನೀರು ಎಷ್ಟು ವರ್ಷ ಕುಡಿಯಿತು ಅಂತ ಹೇಳೋಕೆ ಯಾವ ಕಾಗದವೂ ಇರಲ್ಲ. ಜಿಲ್ಲೆಯ ನಿಜವಾದ ಕೊರತೆ ಇರೋದು ಇಲ್ಲಿ. ನೀರನ್ನ ಅಳೆಯೋ ವ್ಯವಸ್ಥೆ ಅಷ್ಟೋ ಇಷ್ಟೋ ಬಂದಿದೆ. ಮಗುವಿನ ಮೈ ಸೇರಿದ್ದನ್ನ ಅಳೆದು, ಅದೇ ಮಗುವನ್ನ ವರ್ಷ ವರ್ಷ ನೋಡ್ತಾ ಹೋಗೋ ವ್ಯವಸ್ಥೆ ಬಂದಿಲ್ಲ.

ಬೋರಿನ ಲೆಕ್ಕ ಬೇರೆ, ಮಗುವಿನ ಲೆಕ್ಕ ಬೇರೆ

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯೋ ನೀರಿನ ಒಂದು ಲೀಟರ್‌ನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತೆ. ಆರ್ಸೆನಿಕ್ ಆದ್ರೆ 0.01 ಮಿಲಿಗ್ರಾಂ, ಅಂದ್ರೆ 10 ಮೈಕ್ರೋಗ್ರಾಂ ಅಷ್ಟೇ.

ಒಂದು ಬೋರಿನಲ್ಲಿ ಫ್ಲೋರೈಡ್ ಸರಿಯಾಗಿ 1.5 ಬಂತು ಅಂತ ಇಟ್ಕೊಳ್ಳೋಣ. ಕಾಗದದ ಮೇಲೆ ಆ ನೀರು ಪಾಸ್. ಈಗ 60 ಕೆ.ಜಿ. ತೂಕದ ದೊಡ್ಡವರು ದಿನಕ್ಕೆ 3 ಲೀಟರ್ ಕುಡಿದರೆ ಮೈಗೆ ಸೇರೋದು 4.5 ಮಿಲಿಗ್ರಾಂ. ಒಂದು ಕೆ.ಜಿ. ತೂಕಕ್ಕೆ 0.075. ಅದೇ ಮನೆಯ 12 ಕೆ.ಜಿ. ತೂಕದ ಕೂಸು 1.2 ಲೀಟರ್ ಕುಡಿದರೆ ಸೇರೋದು 1.8 ಮಿಲಿಗ್ರಾಂ. ಕೆ.ಜಿ.ಗೆ 0.15. ಒಂದೇ ಕೊಡದ ನೀರು, ಒಂದೇ ರಿಪೋರ್ಟ್, ಆದ್ರೆ ಕೂಸಿನ ಮೈಗೆ ಡಬಲ್. ಇದರ ಮೇಲೆ ಅದೇ ನೀರಲ್ಲಿ ಬೆಂದ ಅನ್ನ, ಬೇಳೆ, ಚಹಾ ಬೇರೆ. ಬಿಸಿಲು 40 ಡಿಗ್ರಿ ದಾಟೋ ಊರಲ್ಲಿ ಕುಡಿಯೋ ಪ್ರಮಾಣವೂ ಜಾಸ್ತಿ. ಫ್ಲೋರೈಡ್ ಮಿತಿ ಗೊತ್ತು ಮಾಡುವಾಗ ಆಯಾ ಪ್ರದೇಶದ ಜನ ಎಷ್ಟು ನೀರು ಕುಡೀತಾರೆ ಅನ್ನೋದನ್ನ ಲೆಕ್ಕಕ್ಕೆ ತಗೋಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ.

ಇನ್ನೊಂದು ತೊಡಕು ಇದೆ. ಮಾನ್ವಿ ತಾಲೂಕಿನ ಕಾಲುವೆ ಊರುಗಳನ್ನ ತಗೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬುತ್ತೆ, ಜನ ಆ ನೀರು ಕುಡೀತಾರೆ. ಕಾಲುವೆ ಬಂದ್ ಆಗಿ ಕೆರೆ ತಳ ಕಂಡಾಗ ಬೋರು, ಇಲ್ಲಾಂದ್ರೆ ಟ್ಯಾಂಕರ್. ಕೈಯಲ್ಲಿ ಕಾಸಿದ್ದವರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಾರೆ, ಘಟಕ ಕೆಟ್ಟು ನಿಂತರೆ ಮತ್ತೆ ಬೋರು. ಅಂದ್ರೆ ಒಂದೇ ಮಗು ಒಂದೇ ವರ್ಷದಲ್ಲಿ ಮೂರ್ನಾಲ್ಕು ತರದ ನೀರು ಕುಡಿಯುತ್ತೆ. ಯಾವುದೋ ಒಂದು ದಿನ ಯಾವುದೋ ಒಂದು ಬೋರಿನಿಂದ ತೆಗೆದ ಸ್ಯಾಂಪಲ್ ಆ ಮಗುವಿನ ಕಥೆ ಹೇಳಲ್ಲ.

ಕೃಷ್ಣಾ ಆಚೆಯ ಕಿರದಳ್ಳಿ ತಾಂಡಾ

ಇದು ದೂರದ ಭಯ ಅಲ್ಲ. ದೇವದುರ್ಗ ಕಡೆಯಿಂದ ತಿಂಥಣಿ ಬ್ರಿಡ್ಜ್ ದಾಟಿದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕು. ಅಲ್ಲಿನ ಕಿರದಳ್ಳಿ ತಾಂಡಾ ಹಳೇ ಕಾಲದ ಚಿನ್ನದ ಗಣಿ ಇದ್ದ ಮಂಗಳೂರು ಶಿಲಾ ಪಟ್ಟಿಯಲ್ಲಿದೆ (ಇದು ಕರಾವಳಿಯ ಮಂಗಳೂರಲ್ಲ, ಸುರಪುರ ಸೀಮೆಯದು). ಜಾಧವಪುರ ವಿಶ್ವವಿದ್ಯಾಲಯದ ದೀಪಾಂಕರ್ ಚಕ್ರವರ್ತಿ ಅವರ ತಂಡ ಅಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ನೀರು ನೋಡಿದರೆ ಶೇ 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮಿತಿ ದಾಟಿತ್ತು. ಅತಿ ಹೆಚ್ಚು ಅಂದ್ರೆ 303, ಮಿತಿಗಿಂತ 30 ಪಟ್ಟು.

ಆ ತಂಡ ನೀರಿಗೇ ನಿಲ್ಲಿಸಲಿಲ್ಲ. 171 ಜನರ ಕೂದಲು, ಉಗುರು ತಗೊಂಡು ಪರೀಕ್ಷೆ ಮಾಡಿತು. ಎಲ್ಲರಲ್ಲೂ ಆರ್ಸೆನಿಕ್ ಜಾಸ್ತಿ ಇತ್ತು. 181 ಜನರ ಮೈ ನೋಡಿದಾಗ ಶೇ 58.6 ಮಂದಿಗೆ ಆರ್ಸೆನಿಕ್‌ನ ಚರ್ಮದ ಗುರುತುಗಳಿದ್ದವು. ಮೂವರಿಗೆ ಆರ್ಸೆನಿಕ್‌ನಿಂದಲೇ ಬಂದ ಚರ್ಮದ ತೊಂದರೆ ಅಂತ ಬಯಾಪ್ಸಿಯಲ್ಲಿ ಖಚಿತವಾಯ್ತು. ಮೇಲ್ಮಣ್ಣಿನ 12 ಸ್ಯಾಂಪಲ್ ಪೈಕಿ ಆರರಲ್ಲಿ ಒಂದು ಕೆ.ಜಿ. ಮಣ್ಣಿಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಸಿಕ್ಕಿತು. ಮಣ್ಣಲ್ಲೇ ಆಡಿ ಬೆಳೆಯೋ ಮಕ್ಕಳಿಗೆ ನೀರು ಒಂದೇ ದಾರಿ ಅಲ್ಲ ಅನ್ನೋದು ಇದರ ಅರ್ಥ.

ರಾಯಚೂರು ಜಿಲ್ಲೆಯವರು ಇದನ್ನ ಪಕ್ಕದ ಜಿಲ್ಲೆ ಸುದ್ದಿ ಅಂತ ಬಿಡೋ ಹಂಗಿಲ್ಲ. ಹಟ್ಟಿ ಚಿನ್ನದ ಅದಿರಿನ ಜೊತೆಯಲ್ಲೂ ಆರ್ಸೆನಿಕ್ ಇರುವ ಖನಿಜ ಇದೆ. ಭೂಮಿ ಒಳಗಿನ ಕಲ್ಲು ಜಿಲ್ಲೆ ಗಡಿ ನೋಡಲ್ಲ. ಕಿರದಳ್ಳಿಯಲ್ಲಿ ಗೊತ್ತಾಗಿದ್ದು ಯಾರೋ ಬಂದು ಜನರ ಉಗುರು, ಕೂದಲು ನೋಡಿದ್ದಕ್ಕೆ. ಅದೂ ಚರ್ಮದ ಮೇಲೆ ಕಲೆ ಎದ್ದ ಮೇಲೆ. ಮಗು ಚಿಕ್ಕದಿದ್ದಾಗಲೇ ನೋಡಿದ್ದರೆ ಆ ಹಂತಕ್ಕೆ ಹೋಗೋದನ್ನ ತಡೀಬಹುದಿತ್ತು.

ಮಗುವಿನಲ್ಲಿ ಏನನ್ನ ಅಳೀಬೇಕು?

ಒಂದೊಂದು ವಸ್ತು ಮೈಯಲ್ಲಿ ಒಂದೊಂದು ಕಡೆ, ಒಂದೊಂದು ಅವಧಿಗೆ ಗುರುತು ಬಿಡುತ್ತೆ. ಮೂತ್ರದಲ್ಲಿ ಸಿಗೋ ಆರ್ಸೆನಿಕ್ ಕಳೆದ ಕೆಲವು ದಿನಗಳ ಲೆಕ್ಕ. ಕೂದಲು, ಉಗುರು ಕಳೆದ ಕೆಲ ತಿಂಗಳ ಲೆಕ್ಕ. ಹತ್ತಿ ಹೊಲಕ್ಕೆ ಹೊಡೆಯೋ ಎಷ್ಟೋ ಕೀಟನಾಶಕಗಳ ಅಂಶ ಒಂದೆರಡು ದಿನದಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತೆ. ಹಾಗಾಗಿ ಔಷಧಿ ಹೊಡೆಯೋ ಸೀಜನ್ ಮುಗಿದ ಮೇಲೆ ಮಗುವನ್ನ ಪರೀಕ್ಷೆ ಮಾಡಿ "ಏನೂ ಇಲ್ಲ" ಅಂದ್ರೆ ಆ ಮಾತಿಗೆ ಬೆಲೆ ಇಲ್ಲ.

ಹಲ್ಲು ಇದೆಲ್ಲಕ್ಕಿಂತ ಗಟ್ಟಿ ದಾಖಲೆ. ಹುಟ್ಟಿದಾಗಿಂದ ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳು ವಸಡಿನ ಒಳಗೆ ರೂಪ ತಗೊಳ್ತಾ ಇರುತ್ತವೆ. ಆಗ ಫ್ಲೋರೈಡ್ ಜಾಸ್ತಿ ಆದ್ರೆ ಬಿಳಿ ಗೆರೆ, ಕಂದು ಕಲೆ ಬೀಳುತ್ತೆ. ಹತ್ತನೇ ಕ್ಲಾಸಿನ ಹುಡುಗಿ ಬಾಯಿ ಮುಚ್ಕೊಂಡು ನಗ್ತಾಳೆ ಅಂದ್ರೆ, ಆ ಕಲೆ ಅವಳು ಅಂಗನವಾಡಿ ವಯಸ್ಸಲ್ಲಿ ಕುಡಿದ ನೀರಿನದು. ಈಗ ಊರಿಗೆ ಒಳ್ಳೆ ನೀರು ಬಂದರೂ ಅದು ಹೋಗಲ್ಲ. ಬಿದ್ದ ಹಾಲುಹಲ್ಲನ್ನ ಪದರ ಪದರವಾಗಿ ನೋಡಿ, ಮಗು ತಾಯಿ ಹೊಟ್ಟೆಯಲ್ಲಿದ್ದಾಗಿನಿಂದ ಸೀಸದಂಥ ಲೋಹ ಎಷ್ಟು ಸೇರಿತ್ತು ಅಂತ ವಿಜ್ಞಾನಿಗಳು ಈಗ ಹೇಳಬಲ್ಲರು. ಇಲ್ಲಿ ಆ ಹಲ್ಲನ್ನ ಮನೆ ಮಾಳಿಗೆ ಮೇಲೆ ಎಸೀತೀವಿ.

ಗಾಳಿ ವಿಷಯಕ್ಕೂ ಇದೇ ಮಾತು. ಶಕ್ತಿನಗರದ ಆರ್‌ಟಿಪಿಎಸ್‌ನ ಮೊದಲ ಘಟಕ 1985ರಲ್ಲಿ ಶುರುವಾಯ್ತು, ಈಗ ಸಾಮರ್ಥ್ಯ 1720 ಮೆಗಾವಾಟ್. ಪಕ್ಕದಲ್ಲೇ ಯರಮರಸ್‌ನ ವೈಟಿಪಿಎಸ್ 1600 ಮೆಗಾವಾಟ್. ಕಲ್ಲಿದ್ದಲು ಸುಟ್ಟ ಬೂದಿ, ಲಾರಿಗಳು ಎಬ್ಬಿಸೋ ಧೂಳು, ಮನೆಯೊಳಗೆ ಕಟ್ಟಿಗೆ ಒಲೆ ಹೊಗೆ, ಇವೆಲ್ಲ ಸೇರಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತೆ. ಯಾವುದೋ ಕಟ್ಟಡದ ಮೇಲೆ ಕೂರಿಸಿದ ಮಷಿನ್ ಆ ಕಟ್ಟಡದ ಸುತ್ತಲ ಗಾಳಿ ಹೇಳುತ್ತೆ. ಮಗು ದಿನದ ಅರ್ಧ ಹೊತ್ತು ಅಮ್ಮನ ಜೊತೆ ಒಲೆ ಮುಂದೆ ಕೂತಿರುತ್ತೆ ಅನ್ನೋದು ಆ ಮಷಿನ್‌ಗೆ ಗೊತ್ತಾಗಲ್ಲ.

ಈ ಜಿಲ್ಲೆಯಲ್ಲಿ ಅಪೌಷ್ಟಿಕತೆ ಲೆಕ್ಕ ಬಿಟ್ಟು ಇದನ್ನ ನೋಡೋಕೂ ಆಗಲ್ಲ. ರಾಯಚೂರಿನ ಅಪೌಷ್ಟಿಕ ಮಕ್ಕಳ ಸುದ್ದಿ ಹೈಕೋರ್ಟ್‌ವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಆಗಿದ್ದು ಓದುಗರಿಗೆ ನೆನಪಿರಬಹುದು. ಕ್ಯಾಲ್ಸಿಯಂ ಕಮ್ಮಿ ಇರುವ ಮೈಗೆ ಫ್ಲೋರೈಡ್ ಹೆಚ್ಚು ಕಾಟ ಕೊಡುತ್ತೆ, ಪ್ರೋಟೀನ್ ಕಮ್ಮಿ ಇದ್ದರೆ ಆರ್ಸೆನಿಕ್ ಹೊರಹಾಕೋದು ಕಷ್ಟ. ಒಂದೇ ನೀರು ಕುಡಿದರೂ ಹಾಲು, ಮೊಟ್ಟೆ ಸಿಗೋ ಮನೆ ಮಗು ತಡ್ಕೊಂಡಷ್ಟು ಬರೀ ಅನ್ನ, ಖಾರದಲ್ಲಿ ಬೆಳೆಯೋ ಮಗು ತಡ್ಕೊಳಲ್ಲ.

ಬೇರೆ ಕಡೆ ಹೆಂಗೆ ಮಾಡಿದರು?

ಅಮೆರಿಕ 2000ನೇ ಇಸವಿಯಲ್ಲಿ ಕಾನೂನು ಮಾಡಿ, 1 ಲಕ್ಷ ಮಕ್ಕಳನ್ನ ಹುಟ್ಟಿಗೆ ಮೊದಲಿಂದ 21 ವರ್ಷದವರೆಗೆ ಹಿಂಬಾಲಿಸೋ ಯೋಜನೆ ಹಾಕಿತು. ಎಲ್ಲವನ್ನೂ ಅಳೀಬೇಕು ಅಂತ ಹೊರಟು, ಯೋಜನೆ ಭಾರವಾಗಿ, ನೂರು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾದ ಮೇಲೆ 2014ರ ಡಿಸೆಂಬರ್‌ನಲ್ಲಿ ನಿಂತೇ ಹೋಯ್ತು. ಜಪಾನ್ 2011ರಲ್ಲಿ ಶುರು ಮಾಡಿದ ಅಂಥದೇ ಅಧ್ಯಯನ ಸುಮಾರು 1 ಲಕ್ಷ ತಾಯಂದಿರನ್ನ ಸೇರಿಸಿಕೊಂಡು ನಡೆಯಿತು. ಅಂದ್ರೆ ದುಡ್ಡೊಂದಿದ್ದರೆ ಸಾಲದು. ಏನು ಅಳೀಬೇಕು ಅನ್ನೋದು ಮೊದಲು ಸ್ಪಷ್ಟ ಇರಬೇಕು.

ರಾಯಚೂರಿಗೆ ಹತ್ತಿರ ಹೊಂದೋ ಉದಾಹರಣೆ ಬಾಂಗ್ಲಾದೇಶದ ಮತ್ಲಬ್. ಬಡ ರೈತರ ಹಳ್ಳಿಗಳು, ಬೋರಿನಲ್ಲಿ ಆರ್ಸೆನಿಕ್. ಅಲ್ಲಿ 1960ರ ದಶಕದಿಂದ ಮನೆ ಮನೆಗೆ ಹೋಗಿ ಹುಟ್ಟು, ಸಾವು, ವಲಸೆ ಬರೆಯೋ ಪದ್ಧತಿ ಇತ್ತು. ಆ ಪಟ್ಟಿ ಇದ್ದಿದ್ದಕ್ಕೇ 2001ರಲ್ಲಿ ಗರ್ಭಿಣಿಯರನ್ನ ಸೇರಿಸಿಕೊಂಡು, ಅವರ ಮಕ್ಕಳಲ್ಲಿ ಆರ್ಸೆನಿಕ್ ಪರಿಣಾಮವನ್ನ ವರ್ಷಗಟ್ಟಲೆ ನೋಡೋಕೆ ಆಯ್ತು. ದೊಡ್ಡ ಮಷಿನ್‌ಗಿಂತ ಮೊದಲು ಬೇಕಾಗಿದ್ದು ನೆಟ್ಟಗೆ ಬರೆದ ಪಟ್ಟಿ.

ಹತ್ತಿರದಲ್ಲೂ ಇದೆ. ಹೈದರಾಬಾದ್ ಸುತ್ತಲ 29 ಹಳ್ಳಿಗಳಲ್ಲಿ 1987ರಿಂದ 1990ರವರೆಗೆ ಗರ್ಭಿಣಿ, ಮಕ್ಕಳಿಗೆ ಪೂರಕ ಆಹಾರ ಕೊಟ್ಟ ಪ್ರಯೋಗ ನಡೆದಿತ್ತು. ಆಗ ಹುಟ್ಟಿದ ಮಕ್ಕಳನ್ನ ದೊಡ್ಡವರಾದ ಮೇಲೂ ಹುಡುಕಿ ಪರೀಕ್ಷೆ ಮಾಡಿದರು, ಮುಂದೆ ಆ ಭಾಗದಲ್ಲಿ ಗಾಳಿ ಧೂಳನ್ನೂ ಅಳೆದರು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಸೇರಿಸಿಕೊಂಡ ಗರ್ಭಿಣಿಯರ ಮಕ್ಕಳನ್ನ ಈಗಲೂ ಪಾರ್ಥೆನಾನ್ ಅಧ್ಯಯನ ಅಂತ ಗುರುತಿಸ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ದೇಶದ ಹಲವು ಕಡೆ ನಡೆದ ಸಿ-ವೇದ ಅಧ್ಯಯನ ಇನ್ನೂ ಮುಖ್ಯ. ಅದರ ಭಾಗವಾಗಿ 6ರಿಂದ 23 ವರ್ಷದ 1014 ಮಂದಿಯ ಮೂತ್ರದಲ್ಲಿ ಆರ್ಸೆನಿಕ್ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಆರ್ಸೆನಿಕ್ ಹೆಚ್ಚಿದ್ದವರಲ್ಲಿ ಗಮನ ಇಡೋದು, ಯೋಚಿಸಿ ಕೆಲಸ ಮಾಡೋದು ಮುಂತಾದ ಶಕ್ತಿ ಕಮ್ಮಿ ಇತ್ತು, ಮೆದುಳಿನ ಸ್ಕ್ಯಾನ್‌ನಲ್ಲೂ ವ್ಯತ್ಯಾಸ ಕಂಡಿತು. ಇದೇ ಕಾರಣ ಅಂತ ಖಡಾಖಂಡಿತ ಹೇಳೋಕೆ ಒಂದು ಅಧ್ಯಯನ ಸಾಲದು. ಆದರೆ ಕಿರದಳ್ಳಿಯಂಥ ಭಾರಿ ಪ್ರಮಾಣ ಅಲ್ಲ, ಕಮ್ಮಿ ಪ್ರಮಾಣದ ಆರ್ಸೆನಿಕ್ ಬಗ್ಗೆಯೇ ಈ ಸಂಶಯ ಎದ್ದಿದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಲೆಲ್ಲ ಕಲ್ಯಾಣ ಕರ್ನಾಟಕದ ಮಕ್ಕಳು ಹಿಂದೆ ಅಂತ ಬರೆಯೋರು ಈ ಕಡೆಯೂ ಒಮ್ಮೆ ನೋಡಬೇಕು. ಆ ಅಧ್ಯಯನದ ಜಾಗಗಳ ಪಟ್ಟಿಯಲ್ಲಿ ರಾಯಚೂರು ಇರಲಿಲ್ಲ.

ಕಾಗದ ಇದೆ, ಜೋಡಣೆ ಇಲ್ಲ

ಹಂಗಂತ ಇಲ್ಲಿ ಏನೂ ಇಲ್ಲ ಅಂತಲ್ಲ. ಗರ್ಭಿಣಿ ಕೈಗೆ ತಾಯಿ ಕಾರ್ಡ್ ಇದೆ. ಅಂಗನವಾಡಿಯಲ್ಲಿ ಮಗುವಿನ ತೂಕ, ಎತ್ತರ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹೋಗುತ್ತೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಹಲ್ಲು, ಚರ್ಮ, ಉಸಿರಾಟ ನೋಡುತ್ತೆ. 2008-09ರಲ್ಲಿ ಶುರುವಾದ ರಾಷ್ಟ್ರೀಯ ಫ್ಲೋರೋಸಿಸ್ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳ ಸಮೀಕ್ಷೆ, ಮೂತ್ರ ಪರೀಕ್ಷೆಗೆ ಅವಕಾಶ ಇದೆ. ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಮಕ್ಕಳಿಗೇ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸ್ತಾರೆ.

ತೊಂದರೆ ಏನು ಅಂದ್ರೆ, ತಾಯಿ ಕಾರ್ಡ್ ಆರೋಗ್ಯ ಇಲಾಖೆದು, ತೂಕ ಮಹಿಳಾ ಮತ್ತು ಮಕ್ಕಳ ಇಲಾಖೆದು, ಶಾಲೆ ಶಿಕ್ಷಣ ಇಲಾಖೆದು, ನೀರು ಗ್ರಾಮೀಣ ಕುಡಿಯುವ ನೀರು ಇಲಾಖೆದು. ನೀರಿನ ರಿಪೋರ್ಟ್‌ನಲ್ಲಿ ಬೋರಿನ ಗುರುತು ಇರುತ್ತೆ, ಕುಡಿದ ಮಕ್ಕಳ ಹೆಸರು ಇರಲ್ಲ. ಮಗುವಿನ ಕಾರ್ಡ್‌ನಲ್ಲಿ ತೂಕ ಇರುತ್ತೆ, ಯಾವ ನೀರು ಕುಡೀತು ಅಂತ ಇರಲ್ಲ. ಫ್ಲೋರೈಡ್ ನೋಡೋ ಸಾಮಾನ್ಯ ಕಿಟ್‌ನಲ್ಲಿ ಆರ್ಸೆನಿಕ್ ಗೊತ್ತಾಗಲ್ಲ, ಅದಕ್ಕೆ ಬೇರೆ ಕಿಟ್ ಅಥವಾ ಲ್ಯಾಬ್ ಬೇಕು. ಸಮೀಕ್ಷೆ ಮಾಡಿದರೂ ಅದು ಆ ದಿನ ಶಾಲೆಯಲ್ಲಿದ್ದ ಮಕ್ಕಳ ಫೋಟೋ ಇದ್ದಂಗೆ. ಮುಂದಿನ ಸಲ ಬೇರೆ ಮಕ್ಕಳು, ಬೇರೆ ಪಟ್ಟಿ.

ಇನ್ನು ಗುಳೆ. ದೇವದುರ್ಗ, ಮಾನ್ವಿಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಮಕ್ಕಳು ಮರಿ ಕಟ್ಕೊಂಡು ಬೆಂಗಳೂರು, ಹೈದರಾಬಾದ್, ಪುಣೆಗೆ ಹೋಗ್ತಾರೆ. ಕಟ್ಟಡದ ಕೆಲಸದ ಜಾಗದಲ್ಲಿ ಶೆಡ್, ಸಿಮೆಂಟ್ ಧೂಳು, ಬೇರೆ ನೀರು. ಅಂಗನವಾಡಿ ರಿಜಿಸ್ಟರ್‌ನಲ್ಲಿ ಆ ಮಗು "ಗೈರು". ಯಾವ ಮಗು ಹೆಚ್ಚು ಅಪಾಯದಲ್ಲಿದೆಯೋ ಅದೇ ಮಗು ಲೆಕ್ಕದಿಂದ ಮೊದಲು ಬೀಳುತ್ತೆ. ಉಳಿದವರ ಲೆಕ್ಕ ನೋಡಿ ಎಲ್ಲ ಪರವಾಗಿಲ್ಲ ಅಂದರೆ ಅದು ಸುಳ್ಳು ಸಮಾಧಾನ.

ಏನು ಮಾಡಬಹುದು?

ಜಿಲ್ಲೆಗೆ ಅಮೆರಿಕದ ಯೋಜನೆ ಬೇಕಿಲ್ಲ. ಫ್ಲೋರೈಡ್, ಆರ್ಸೆನಿಕ್ ಸಂಶಯ ಇರುವ ಕೆಲವು ಊರು, ಶಕ್ತಿನಗರ ಸುತ್ತಲ ಕೆಲವು ಊರು, ಹೋಲಿಕೆಗೆ ಕಾಲುವೆ ನೀರಿನ ಕೆಲವು ಊರು. ಅಲ್ಲಿ ಈ ವರ್ಷ ಹುಟ್ಟೋ ಮಕ್ಕಳ ತಾಯಿ ಕಾರ್ಡ್‌ನಲ್ಲಿ ಕುಡಿಯೋ ನೀರಿನ ಮೂಲ ಅಂತ ಒಂದು ಸಾಲು. ವರ್ಷಕ್ಕೆ ಎರಡು ಸಲ, ಬೇಸಿಗೆ ಒಮ್ಮೆ ಮಳೆಗಾಲ ಒಮ್ಮೆ, ಮೂತ್ರ ಅಥವಾ ಉಗುರಿನ ಸ್ಯಾಂಪಲ್. ಆರು ವರ್ಷಕ್ಕೆ ಹಲ್ಲು, ಎತ್ತರ, ಕಲಿಕೆ. ಗುಳೆ ಹೋದರೆ ಎಲ್ಲಿಗೆ ಅಂತ ಆಶಾ ಕಾರ್ಯಕರ್ತೆ ಬರ್ಕೊಳ್ಳೋದು, ಅದಕ್ಕೆ ಅವರಿಗೆ ಬೇರೆ ಗೌರವಧನ ಕೊಡೋದು. ರಾಯಚೂರಲ್ಲಿ ರಿಮ್ಸ್ ಇದೆ, ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ನೋಡೋ ಲ್ಯಾಬ್ ಇದೆ. ಶುರು ಮಾಡೋಕೆ ಇಷ್ಟು ಸಾಕು.

ಎರಡು ಎಚ್ಚರಿಕೆ. ಒಂದು, ಮಕ್ಕಳ ಮೇಲೆ ಅಧ್ಯಯನ ಅಂದ್ರೆ ತಂದೆ-ತಾಯಿ ಒಪ್ಪಿಗೆ ಬೇಕು. 7 ವರ್ಷ ದಾಟಿದ ಮಗುವಿಗೆ ಅರ್ಥ ಆಗೋ ಹಂಗೆ ಹೇಳಿ ಅದರ ಸಮ್ಮತಿಯನ್ನೂ ಕೇಳಬೇಕು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತೆ. ಸ್ಯಾಂಪಲ್ ತಗೊಂಡು ಹೋದವರು ರಿಸಲ್ಟ್ ತಂದು ಅದೇ ಮನೆ ಕಟ್ಟೆ ಮೇಲೆ ಕೂತು ಕನ್ನಡದಲ್ಲಿ ಹೇಳಬೇಕು. ಎರಡು, ಅಧ್ಯಯನ ಮುಗೀಲಿ ಅಂತ ಒಳ್ಳೆ ನೀರು ಕೊಡೋದನ್ನ ನಿಲ್ಲಿಸೋ ಹಂಗಿಲ್ಲ. ಕೆಟ್ಟದ್ದು ಅಂತ ಗೊತ್ತಾದ ಬೋರು ಅವತ್ತೇ ಬಂದ್ ಆಗಬೇಕು, ಬದಲಿ ನೀರು ಅವತ್ತೇ ಬರಬೇಕು. ಮಕ್ಕಳನ್ನ ವಿಷದ ನೀರಲ್ಲಿ ಬಿಟ್ಟು ಲೆಕ್ಕ ಬರೆಯೋದು ಸಂಶೋಧನೆ ಅಲ್ಲ.

2022ರ ಮೇ ತಿಂಗಳಲ್ಲಿ, ನಗರದ ನಲ್ಲಿ ನೀರು ಜೀವ ತೆಗೆದ ಅದೇ ತಿಂಗಳಲ್ಲಿ, ರಾಯಚೂರಿಗೆ ಏಮ್ಸ್ ಬೇಕು ಅಂತ ಧರಣಿ ಶುರುವಾಯ್ತು. ಅದು ಸಾವಿರ ದಿನ ದಾಟಿತು. ಐಐಟಿ ಧಾರವಾಡಕ್ಕೆ ಹೋದ ನೋವು ಆ ಹೋರಾಟದ ಹಿಂದಿದೆ. ಏಮ್ಸ್ ಅಂದ ಕೂಡಲೇ ಬೆಡ್, ಆಪರೇಷನ್, ದೊಡ್ಡ ಡಾಕ್ಟರ್ ನೆನಪಾಗ್ತಾರೆ. ಅದೆಲ್ಲ ಕಾಯಿಲೆ ಬಂದ ಮೇಲಿನ ಮಾತು. ಇಲ್ಲಿನ ಮಕ್ಕಳಿಗೆ ಯಾಕೆ ಹಿಂಗಾಗ್ತಿದೆ ಅಂತ ಇಪ್ಪತ್ತು ವರ್ಷ ಕೂತು ನೋಡೋ ಸಂಸ್ಥೆ ಬೇಕು ಅನ್ನೋದೂ ಆ ಬೇಡಿಕೆಯ ಒಳಗೆ ಸೇರಬೇಕು. ಏಮ್ಸ್ ಬರಲಿ, ಬರದೇ ಇರಲಿ, ತಾಯಿ ಕಾರ್ಡ್‌ನಲ್ಲಿ ಒಂದು ಸಾಲು ಸೇರಿಸೋಕೆ ದೆಹಲಿ ಒಪ್ಪಿಗೆಗೆ ಕಾಯೋ ಅಗತ್ಯ ಇಲ್ಲ. ಜಿಲ್ಲಾ ಪಂಚಾಯತಿ ಮುಂದಿನ ಕೆಡಿಪಿ ಸಭೆಯಲ್ಲಿ ನಾಲ್ಕು ಇಲಾಖೆಯವರೂ ಒಂದೇ ಹಾಲ್‌ನಲ್ಲಿ ಕೂತಿರ್ತಾರೆ. ಅಲ್ಲಿ ಯಾರಾದರೂ ಇದನ್ನ ಕೇಳಬೇಕು ಅಷ್ಟೇ.